ವೇಗ ಇದ್ರೆ ಸಾಕಾ? ಟಿಮ್‌ಸಾರ್ಟ್ ಕಲಿಸಿದ ಪಾಠ

ಬೆಲೆ ಕಡಿಮೆಯಿಂದ ಜಾಸ್ತಿಗೆ, ಹೆಸರು ಅಕ್ಷರಕ್ರಮಕ್ಕೆ: ಹೀಗೆ ಜೋಡಿಸೋದಕ್ಕೆ ಸಾರ್ಟಿಂಗ್ ಅಂತಾರೆ. ಇದರ ಕೋಡನ್ನ ಪ್ರತಿ ಆ್ಯಪ್‌ನವರೂ ಹೊಸದಾಗಿ ಬರೆಯಲ್ಲ, ಲೈಬ್ರರಿಯಿಂದ ರೆಡಿಮೇಡ್ ತಗೋತಾರೆ. ಆ ಲೈಬ್ರರಿಯನ್ನ ನಂಬೋದು ಹೇಗೆ?

ಎರಡು ಪರೀಕ್ಷೆ ಇವೆ. ಬೆಂಚ್‌ಮಾರ್ಕ್ ಅಂದ್ರೆ ಅದೇ ಮಷಿನ್‌ನಲ್ಲಿ, ಅದೇ ಡೇಟಾ ಕೊಟ್ಟು, ಹಲವು ಸಲ ಓಡಿಸಿ ಸಮಯ ಅಳೆಯೋದು. ಆಟೊಮೇಟೆಡ್ ಟೆಸ್ಟ್ ಅಂದ್ರೆ ಉತ್ತರ ಸರಿ ಬಂತಾ ಅಂತ ಪ್ರೋಗ್ರಾಮ್‌ನಿಂದಲೇ ನೋಡಿಸೋದು. ಒಂದು ವೇಗ ಹೇಳುತ್ತೆ, ಇನ್ನೊಂದು ಸರಿ-ತಪ್ಪು ಹೇಳುತ್ತೆ.

2002ರಲ್ಲಿ ಟಿಮ್ ಪೀಟರ್ಸ್ ಪೈಥಾನ್‌ಗಾಗಿ ಟಿಮ್‌ಸಾರ್ಟ್ ಬರೆದರು. ನಮ್ಮ ನಿತ್ಯದ ಡೇಟಾದಲ್ಲಿ ಅಲ್ಲಲ್ಲಿ ಮೊದಲೇ ಕ್ರಮದಲ್ಲಿರೋ ತುಂಡುಗಳು ಸಿಗ್ತವೆ. ಟಿಮ್‌ಸಾರ್ಟ್ ಅವನ್ನ ಹುಡುಕಿ, ಉದ್ದವನ್ನ ಒಂದು ಸ್ಟ್ಯಾಕ್‌ನಲ್ಲಿ ಗುರುತಿಟ್ಟುಕೊಂಡು, ಒಂದಕ್ಕೊಂದು ಸೇರಿಸುತ್ತೆ. ಈ ವೇಗ ನೋಡಿ ಜಾವಾ, ಆ್ಯಂಡ್ರಾಯ್ಡ್ ಕೂಡ ಇದನ್ನೇ ಅಳವಡಿಸಿಕೊಂಡವು.

2015ರಲ್ಲಿ ಯುರೋಪಿನ ಸಂಶೋಧಕರು ಜಾವಾದ ಟಿಮ್‌ಸಾರ್ಟ್ ಸರಿ ಇದೆ ಅಂತ ಗಣಿತದ ಪ್ರಕಾರ ಸಾಧಿಸೋಕೆ ಹೊರಟರು. ಸಾಧನೆ ಮುಂದೆ ಹೋಗಲೇ ಇಲ್ಲ! ತುಂಡುಗಳ ಉದ್ದದ ಬಗ್ಗೆ ಇದ್ದ ನಿಯಮವನ್ನ ಕೋಡ್ ಸ್ಟ್ಯಾಕ್‌ನ ಮೇಲ್ಭಾಗದಲ್ಲಿ ಮಾತ್ರ ನೋಡ್ತಿತ್ತು, ಕೆಳಗೆ ಅದು ಮುರಿಯಬಹುದಿತ್ತು. ಆಗ ಸ್ಟ್ಯಾಕ್‌ಗೆ ಜಾಗ ಸಾಲಲ್ಲ. ಅವರು ಬೇಕಂತಲೇ ಜೋಡಿಸಿದ 6,71,08,864 ಅಂಶಗಳ ಪಟ್ಟಿ ಕೊಟ್ಟಾಗ ಪ್ರೋಗ್ರಾಮ್ ಕ್ರ್ಯಾಶ್ ಆಯ್ತು.

ಅಷ್ಟು ವರ್ಷ ಯಾಕೆ ಸಿಗಲಿಲ್ಲ? ಬಿಕಾಂ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ಬಿಲ್ಲನ್ನ ಎಂಟ್ರಿ ಮಾಡೋದೇ ಬಿಟ್ರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ. ಟ್ಯಾಲಿ ಆಯ್ತು ಅಂದ್ರೆ ಲೆಕ್ಕ ಸರಿ ಅಂತಲ್ಲ, ನಾವು ನೋಡಿದ ಜಾಗದಲ್ಲಿ ತಪ್ಪು ಕಾಣಲಿಲ್ಲ ಅಂತಷ್ಟೇ. ಟೆಸ್ಟ್ ಕೂಡ ಹಾಗೇ. ಇಷ್ಟು ದೊಡ್ಡ, ಇಷ್ಟು ವಕ್ರವಾದ ಪಟ್ಟಿ ತಾನಾಗಿ ಎದುರಾಗೋದು ತೀರಾ ಅಪರೂಪ.

ಕೋಡ್ ಕಲೀತಿರೋರು ಮೂರು ವಿಷಯ ನೆನಪಿಡಿ. ಖಾಲಿ ಪಟ್ಟಿ, ಒಂದೇ ಅಂಶ, ಎಲ್ಲಾ ಒಂದೇ ಥರ, ಉಲ್ಟಾ ಕ್ರಮ: ಈ ಅಂಚಿನ ಕೇಸ್‌ಗಳನ್ನ ಮೊದಲು ಟೆಸ್ಟ್ ಮಾಡಿ. ಎರಡನೆಯದು, ಉದಾಹರಣೆ ಬದಲು ನಿಯಮ ಬರೀರಿ: 'ಸಾರ್ಟ್ ಆದಮೇಲೆ ಯಾವ ಅಂಶವೂ ಕಳೆದಿರಬಾರದು, ಹಿಂದಿನದು ಮುಂದಿನದಕ್ಕಿಂತ ದೊಡ್ಡದಿರಬಾರದು.' ಪೈಥಾನ್‌ನ ಹೈಪಾಥಿಸಿಸ್ ಥರದ ಟೂಲ್ ನೂರಾರು ಪಟ್ಟಿ ತಾನೇ ಹುಟ್ಟಿಸಿ ಆ ನಿಯಮ ಮುರಿಯೋಕೆ ನೋಡುತ್ತೆ. ಕೊನೆಯದು, ಸಿಕ್ಕ ಪ್ರತಿ ಬಗ್‌ಗೂ ಒಂದು ಟೆಸ್ಟ್ ಬರೆದಿಡಿ, ಅದು ಮತ್ತೆ ಬಂದ್ರೆ ಅವತ್ತೇ ಗೊತ್ತಾಗುತ್ತೆ.

ಇದೆಲ್ಲ ಆದಮೇಲೆ ಬೆಂಚ್‌ಮಾರ್ಕ್. ತಪ್ಪು ಉತ್ತರ ಎಷ್ಟು ಬೇಗ ಬಂದ್ರೂ ಏನು ಪ್ರಯೋಜನ, ಅಲ್ವಾ?