ಬೆದೆಗಾಲದ ಜಿಂಕೆ, ಹೆದೆಯೇರಿದ ಬಿಲ್ಲು

ಅಮೆರಿಕದ ಬಿಳಿಬಾಲದ ಗಂಡು ಜಿಂಕೆ ಮಹಾ ಹುಷಾರಿನ ಪ್ರಾಣಿ. ಹಗಲೆಲ್ಲ ಪೊದೆಯಲ್ಲಿ ಅಡಗಿದ್ದು, ಹೊತ್ತು ಮುಳುಗುವಾಗ ಅಳುಕುತ್ತಲೇ ಮೇಯಲು ಹೊರಡುತ್ತದೆ. ನವೆಂಬರ್ ಬಂತೆಂದರೆ ಇದೇ ಜೀವ ಮೇವು ಮರೆತು, ಮಟಮಟ ಮಧ್ಯಾಹ್ನ ಮೆಕ್ಕೆಜೋಳದ ಹೊಲ ಸೀಳಿಕೊಂಡು ಓಡಾಡುತ್ತದೆ. ವಿಸ್ಕಾನ್ಸಿನ್ ರಾಜ್ಯದ ಬಿಲ್ಲುಬೇಟೆಗಾರರು ಕೆಲಸಕ್ಕೆ ರಜೆ ಹಾಕಿ ಮರದ ಮೇಲಿನ ಮಚಾನು ಏರುವುದು ಇದೇ ದಿನಗಳಲ್ಲಿ. ಅಲ್ಲಿ ಬಿಲ್ಲಿನ ಬೇಟೆಗೆ ಸೆಪ್ಟೆಂಬರಿನಿಂದಲೇ ಪರವಾನಗಿ ಉಂಟು. ಬಂದೂಕಿನವರ ಒಂಬತ್ತು ದಿನ ಶುರುವಾಗುವುದು ನವೆಂಬರ್ ಮೂರನೇ ವಾರದ ಆಸುಪಾಸಿಗೆ. ಹಾಗಾಗಿ ಬೆದೆಯ ಭರಾಟೆಯ ಬಹುಪಾಲು ಬಿಲ್ಲು ಹಿಡಿದವರಿಗೇ ಸಿಗುತ್ತದೆ.

ಈ ಭರಾಟೆಗೆ ಕಾರಣ ಏನೆಂದು ಕೇಳಿದರೆ ಬೇಟೆಗಾರರಲ್ಲಿ ಒಬ್ಬ ಹುಣ್ಣಿಮೆ ಅನ್ನುತ್ತಾನೆ, ಇನ್ನೊಬ್ಬ ಮೊದಲ ಚಳಿ ಅನ್ನುತ್ತಾನೆ. ಎರಡೂ ಅಲ್ಲ. ರಸ್ತೆಯಲ್ಲಿ ಸತ್ತ ಗಬ್ಬದ ಜಿಂಕೆಗಳ ಹೊಟ್ಟೆಯ ಮರಿಯನ್ನು ಅಳೆದು, ಗರ್ಭ ಕಟ್ಟಿದ ದಿನವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. ಹಾಗೆ ನೋಡಿದರೆ ಒಂದು ಪ್ರದೇಶದ ಬೆದೆ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅದೇ ವಾರಕ್ಕೆ ಬಂದು ನಿಲ್ಲುತ್ತದೆ, ಚಂದ್ರ ಎಲ್ಲೇ ಇರಲಿ. ಗಡಿಯಾರ ಇರುವುದು ಹಗಲಿನ ಉದ್ದದಲ್ಲಿ. ಹಗಲು ಕುಗ್ಗಿದಂತೆ ಮಿದುಳಿನ ಪೀನಿಯಲ್ ಗ್ರಂಥಿ ಹೆಚ್ಚು ಹೊತ್ತು ಮೆಲಟೋನಿನ್ ಸುರಿಸುತ್ತದೆ. ಅದರ ಬೆನ್ನಿಗೆ ಗಂಡಿನ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಏರುತ್ತದೆ, ಕೊಂಬಿನ ಮೇಲಿನ ಚರ್ಮ ಸುಲಿದು ಬೀಳುತ್ತದೆ, ಕತ್ತು ಊದಿಕೊಳ್ಳುತ್ತದೆ.

ಇಷ್ಟು ಕರಾರುವಾಕ್ಕಾದ ಲೆಕ್ಕ ಯಾಕೆ ಬೇಕು? ಗರ್ಭದ ಅವಧಿ ಸುಮಾರು 200 ದಿನ. ನವೆಂಬರ್ ಎರಡನೇ ವಾರ ಕಟ್ಟಿದ ಗರ್ಭ ಮೇ ಕೊನೆಗೆ ಮರಿಯಾಗುತ್ತದೆ. ಅದಕ್ಕಿಂತ ಬೇಗ ಹುಟ್ಟಿದರೆ ಹಿಮ, ಚಳಿ. ತಡವಾಗಿ ಹುಟ್ಟಿದರೆ ಮುಂದಿನ ಚಳಿಗಾಲಕ್ಕೆ ಮೈಯಲ್ಲಿ ಕೊಬ್ಬು ಸಾಲದು. ಕಡುಚಳಿಯಿಲ್ಲದ ಫ್ಲಾರಿಡಾದಲ್ಲಿ ಇದೇ ಜಾತಿಯ ಜಿಂಕೆ ಒಂದು ಕಡೆ ಜುಲೈನಲ್ಲಿ, ಇನ್ನೊಂದು ಕಡೆ ಫೆಬ್ರವರಿಯಲ್ಲಿ ಬೆದೆಗೆ ಬರುತ್ತದೆ. ನಮ್ಮ ಬಂಡೀಪುರದ ಚುಕ್ಕೆ ಜಿಂಕೆಗಂತೂ ಇಂಥ ಬಿಗಿಯಾದ ಋತುವೇ ಇಲ್ಲ. ಬೇಸಿಗೆಯಲ್ಲಿ ಬೆದೆ ಜೋರಾದರೂ ಗಟ್ಟಿಗೊಂಬಿನ ಗಂಡು ಯಾವ ತಿಂಗಳಲ್ಲಾದರೂ ಕಣ್ಣಿಗೆ ಬೀಳುತ್ತದೆ. 1930ರ ದಶಕದಲ್ಲಿ ಟೆಕ್ಸಾಸಿಗೆ ಒಯ್ದು ಬಿಟ್ಟ ಚುಕ್ಕೆ ಜಿಂಕೆಗಳು ಅಲ್ಲಿಯೂ ಈ ತವರಿನ ಅಭ್ಯಾಸ ಬಿಟ್ಟಿಲ್ಲ.

ಗಂಡಿನ ಗುರುತುಗಳನ್ನು ಹುಡುಕುವುದು ಹೊಸ ಬೇಟೆಗಾರನ ಮೊದಲ ಹುಚ್ಚು. ಗಂಡು ಎಳೆಮರದ ತೊಗಟೆಗೆ ಕೊಂಬು, ಹಣೆ ಉಜ್ಜಿ ವಾಸನೆ ಬಿಡುತ್ತದೆ. ತಗ್ಗಿದ ಕೊಂಬೆಯೊಂದನ್ನು ನೆಕ್ಕಿ, ಅದರಡಿಯ ನೆಲವನ್ನು ಗೊರಸಿನಿಂದ ಕೆರೆದು, ಹಿಂಗಾಲಿನ ಒಳಮಗ್ಗುಲಿನ ಗ್ರಂಥಿಯ ಮೇಲೆ ಹರಿಯುವಂತೆ ಅಲ್ಲಿ ಉಚ್ಚೆ ಹೊಯ್ಯುತ್ತದೆ. ಆ ಕೆರೆದ ಜಾಗವನ್ನು ಕಾಯುತ್ತ ಕೂತರೆ ದಿನ ಹೋಗುತ್ತದೆ, ಜಿಂಕೆ ಬರುವುದಿಲ್ಲ. ಕ್ಯಾಮೆರಾ ಇಟ್ಟು ನೋಡಿದವರಿಗೆ ಕಂಡಿದ್ದು, ಅಲ್ಲಿಗೆ ಬಹುಪಾಲು ಭೇಟಿ ರಾತ್ರಿಯೇ ಎಂದು.

ಪಳಗಿದವರು ಹುಡುಕುವುದು ಹೆಣ್ಣನ್ನು. ಹೆಣ್ಣು ಬೆದೆಯಲ್ಲಿರುವುದು ಒಂದರಿಂದ ಎರಡು ದಿನ ಮಾತ್ರ. ಗರ್ಭ ಕಟ್ಟದಿದ್ದರೆ ಸುಮಾರು 28 ದಿನಕ್ಕೆ ಮತ್ತೆ. ಅಷ್ಟು ಚಿಕ್ಕ ಅವಕಾಶ ತಪ್ಪಬಾರದೆಂದೇ ಗಂಡಿನ ಈ ಅಲೆದಾಟ. ಅದು ಹೆಣ್ಣುಗಳು ಮಲಗುವ ಪೊದೆಗಳಿಗೆ ನುಗ್ಗಿ ಹುಡುಕುವುದಿಲ್ಲ. ಗಾಳಿ ಪೊದೆಯಿಂದ ತನ್ನತ್ತ ಬೀಸುವ ಮಗ್ಗುಲಿನಲ್ಲಿ ಹಾದು, ಒಂದೇ ಸುತ್ತಿಗೆ ಅಲ್ಲಿದ್ದವುಗಳನ್ನೆಲ್ಲ ಮೂಸಿ ಮುಗಿಸುತ್ತದೆ. ಉಚ್ಚೆ ಸಿಕ್ಕರೆ ಮೇಲ್ತುಟಿ ಸುರುಳಿಸಿ, ಬಾಯಿಯ ಅಂಗುಳದ ಜೇಕಬ್‌ಸನ್ ಅಂಗಕ್ಕೆ ಅದನ್ನು ಸೆಳೆದು ಹದ ಪರೀಕ್ಷಿಸುತ್ತದೆ. ಆದ್ದರಿಂದ ಮಚಾನು ಕಟ್ಟಬೇಕಾದದ್ದು ಗಂಡು ಹಾಯುವ ಆ ಗಾಳಿದಾರಿಯ ಇನ್ನೂ ಆಚೆಗೆ, ನಮ್ಮ ಮೈವಾಸನೆ ಅದರ ಮೂಗಿಗೆ ತಾಗದ ಕಡೆ. ಗುಡ್ಡದ ಸೀಮೆಯಲ್ಲಿ ಇದು ಇನ್ನೂ ಕಷ್ಟ: ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲೇಳುತ್ತದೆ, ಸಂಜೆ ತಣಿದು ಕಣಿವೆಗೆ ಜಾರುತ್ತದೆ. ಬೆಳಗಿನ ಒಳ್ಳೆಯ ಮರ ಸಂಜೆಗೆ ದಂಡ.

ಇನ್ನೊಂದು ಉಪಾಯ ಕೊಂಬಿನ ಸದ್ದು. ಎರಡು ಉದುರುಗೊಂಬು ಹಿಡಿದು ಕಟಕಟ ಬಡಿದರೆ ಕಾಳಗ ನಡೆದಿದೆ ಎಂದು ಬೇರೆ ಗಂಡುಗಳು ಬರುತ್ತವೆ. ದಕ್ಷಿಣ ಟೆಕ್ಸಾಸಿನಲ್ಲಿ ಸಂಶೋಧಕರು ಇದನ್ನು ಪರೀಕ್ಷಿಸಿದಾಗ ಮೆಲ್ಲಗಿನ ಸದ್ದಿಗಿಂತ ಜೋರು ಬಡಿತಕ್ಕೇ ಹೆಚ್ಚು ಜಿಂಕೆ ಬಂದವು. ಬಂದವುಗಳಲ್ಲಿ ಹೆಚ್ಚಿನವು ಇಲ್ಲಿಯೂ ಗಾಳಿಯ ಇಳಿಮಗ್ಗುಲಿನಿಂದಲೇ. ಕಿವಿ ಹೇಳಿದ್ದನ್ನು ಮೂಗು ಒಪ್ಪಬೇಕು.

ಬೆದೆ ತುತ್ತತುದಿಗೇರಿದ ದಿನಗಳಲ್ಲಿ ಕಾಡು ಇದ್ದಕ್ಕಿದ್ದಂತೆ ಖಾಲಿಯಾದಂತೆ ಕಾಣುವುದೂ ಉಂಟು. ದೊಡ್ಡ ಗಂಡುಗಳು ಒಂದೊಂದು ಹೆಣ್ಣಿಗೆ ಅಂಟಿಕೊಂಡು ಯಾವುದೋ ಪೊದೆಯಲ್ಲಿರುತ್ತವೆ. ಅದಕ್ಕೇ ಅನುಭವಿಗಳು ತುದಿಗಿಂತ ಅದರ ಹಿಂದಿನ ವಾರವನ್ನು ಮೆಚ್ಚುತ್ತಾರೆ. ಹಾಗೆ ಹೆಣ್ಣಿಗೆ ಅಂಟಿ ಕಾವಲು ನಿಂತರೂ ಗಂಡಿಗೆ ಪೂರ್ತಿ ಖಾತರಿಯಿಲ್ಲ: ಡಿಎನ್‌ಎ ಪರೀಕ್ಷೆಯಲ್ಲಿ, ಅವಳಿ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರಿರುವುದು ಮತ್ತೆ ಮತ್ತೆ ಸಿಕ್ಕಿದೆ.

ಈಗ ಬಿಲ್ಲಿಗೆ ಬರೋಣ. ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಿ, ಬಾವಿಯ ರಾಟೆಯಂಥ, ಆದರೆ ಅಚ್ಚು ನಡುವಿನಲ್ಲಿಲ್ಲದ ಗಾಲಿಗಳಿರುತ್ತವೆ. ಹೆದೆ ಎಳೆಯುವಾಗ ನಡುವೆ 27 ಕಿಲೋ ಭಾರ ಬಿದ್ದರೂ, ಪೂರ್ತಿ ಎಳೆದು ಹಿಡಿದಾಗ ಇಂದಿನ ಬಿಲ್ಲುಗಳಲ್ಲಿ ಕೈಗೆ ಉಳಿಯುವುದು ಐದಾರು ಕಿಲೋ. ಜಿಂಕೆ ಮರದ ಮರೆಯಿಂದ ಹೊರಬರುವ ತನಕ ಹೆದೆ ಹಿಡಿದೇ ನಿಲ್ಲಬಹುದು.

ಆದರೂ ಬಾಣಕ್ಕಿಂತ ಸದ್ದು ಮುಂದೆ. ಸೆಕೆಂಡಿಗೆ 85 ಮೀಟರ್ ಹೋಗುವ ಬಾಣ 23 ಮೀಟರ್ ದಾಟಲು 0.27 ಸೆಕೆಂಡ್ ಬೇಕು. ಹೆದೆಯ ಸದ್ದಿಗೆ 0.07 ಸೆಕೆಂಡ್ ಸಾಕು. ಬೆದರಿದ ಜಿಂಕೆ ಜಿಗಿಯುವ ಮುನ್ನ ಕಾಲು ಮಡಚಿ ಕುಸಿಯುತ್ತದೆ. ಉಳಿದ 0.2 ಸೆಕೆಂಡಿನಲ್ಲಿ ಗುರುತ್ವ ಒಂದು ಮೈಯನ್ನು ಕೆಳಗಿಳಿಸುವುದು ಹೆಚ್ಚೆಂದರೆ 20 ಸೆಂಟಿಮೀಟರ್. ಜಿಂಕೆ ಎಚ್ಚೆತ್ತುಕೊಳ್ಳುವ ಹೊತ್ತು ಕಳೆದರೆ ಇನ್ನೂ ಕಡಿಮೆ. ಅದೇ 40 ಮೀಟರ್ ದೂರಕ್ಕೆ ಈ ಮಿತಿ 60 ಸೆಂಟಿಮೀಟರಿಗೆ ಏರುತ್ತದೆ. ಬಾಣ ಬೆನ್ನ ಮೇಲಿಂದ ಹಾರಿಹೋಗಬಹುದು, ಇಲ್ಲವೇ ಎಲ್ಲೋ ಚುಚ್ಚಿ ಗಾಯಗೊಂಡ ಪ್ರಾಣಿ ಓಡಬಹುದು. ಬಾಣ ಕೊಲ್ಲುವುದು ಗುಂಡಿನಂಥ ಪೆಟ್ಟಿನಿಂದಲ್ಲ, ಹೃದಯ, ಶ್ವಾಸಕೋಶ ಸೀಳಿ ರಕ್ತ ಹರಿಸಿ. ಹತ್ತಿರ ಬರುವ ತನಕ ಕಾಯದವನು ಬಿಲ್ಲು ಹಿಡಿಯಬಾರದು ಎಂಬುದೇ ನನ್ನ ಅಭಿಪ್ರಾಯ.

ಗಂಡನ್ನು ಸೆಳೆಯಲೆಂದು ಅಂಗಡಿಯಲ್ಲಿ ಸೀಸೆಗಟ್ಟಲೆ ಮಾರುವ ಹೆಣ್ಣು ಜಿಂಕೆಯ ಉಚ್ಚೆಯ ಬಗ್ಗೆಯೂ ಒಂದು ಮಾತು. ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಬರುವ, ಜಿಂಕೆಗಳ ಮಿದುಳು ಕೊರೆಯುವ, ಮದ್ದಿಲ್ಲದ ರೋಗವೊಂದಿದೆ. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಗುರುತಿಗೆ ಬಂದು, 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾಯಿತು. ರೋಗಿಷ್ಟ ಜಿಂಕೆಯ ಉಚ್ಚೆಯಲ್ಲೂ ಪ್ರಿಯಾನ್ ಇರುತ್ತದೆ. ಹಲವು ರಾಜ್ಯಗಳು ಈ ಸೀಸೆಗಳನ್ನು ನಿಷೇಧಿಸಿವೆ, ನಿಷೇಧಿಸಿದ್ದು ಸರಿ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆಗೆ ಬಾಣ ಬಿಟ್ಟವನಿಗೆ ಜೈಲು ಕಾದಿದೆ. ಇದನ್ನೋದಿ ಯಾರೂ ಬಿಲ್ಲು ಹುಡುಕಬೇಕಿಲ್ಲ. ಆದರೆ ಅಮೆರಿಕದಲ್ಲಿ ಕಾರು ಓಡಿಸುವ ಕನ್ನಡಿಗರಿಗೆ ಈ ವಿದ್ಯೆ ಉಪಯೋಗಕ್ಕೆ ಬಂದೀತು. ಅಲ್ಲಿ ಜಿಂಕೆಗೆ ಕಾರು ಬಡಿಯುವ ಅಪಘಾತ ಅತಿ ಹೆಚ್ಚು ನಡೆಯುವುದು ನವೆಂಬರಿನಲ್ಲಿ. ಹೆಣ್ಣೊಂದು ರಸ್ತೆ ದಾಟಿತೆಂದು ತಕ್ಷಣ ಆಕ್ಸಿಲರೇಟರ್ ಒತ್ತಬೇಡಿ. ಅದರ ಜಾಡು ಮೂಸುತ್ತ, ಎಡಬಲ ನೋಡದೆ ಗಂಡೊಂದು ಹಿಂದೆಯೇ ಬರುತ್ತಿರಬಹುದು.