ವೀರಗಲ್ಲನ್ನು ಓದುವುದು ಹೇಗೆ? ದನ, ನಾಯಿ ಮತ್ತು ಒಂದು ಊರಿನ ಚರಿತ್ರೆ

ಕಳೆದ ವರ್ಷ ಒಂದು ಶನಿವಾರ ರಾತ್ರಿ ಕಾಲೇಜಿನ ಹಳೇ ಗೆಳೆಯ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಬೆಂಗಳೂರಿನ ಹೊರವಲಯದಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುತ್ತಿದ್ದ ಜಾಗ. ಜೆಸಿಬಿ ಪಕ್ಕದಲ್ಲಿ ಮಣ್ಣು ಮೆತ್ತಿದ ಚಪ್ಪಡಿ, ಅದರ ಮೇಲೆ ಕತ್ತಿ ಹಿಡಿದ ಒಬ್ಬ ಮನುಷ್ಯ. ಕೆಳಗೆ ಅವನ ಪ್ರಶ್ನೆ: ‘ಮಗಾ, ಇದು ಯಾವ ದೇವ್ರು?’

‘ದೇವ್ರಲ್ಲ ಕಣೋ, ವೀರಗಲ್ಲು. ಸೋಮವಾರ ಬಂದು ನೋಡ್ತೀನಿ, ಯಾರಿಗೂ ಮುಟ್ಟೋಕೆ ಬಿಡಬೇಡ’ ಅಂದೆ. ಸೋಮವಾರ ಹೋದಾಗ ಕಲ್ಲು ಇರಲಿಲ್ಲ. ಮಣ್ಣಿನ ಲೋಡ್ ಜೊತೆ ಹೋಗಿರಬಹುದು ಅಂದರು ಮೇಸ್ತ್ರಿ. ಎಲ್ಲಿಗೆ ಅಂತ ಅವರಿಗೂ ಗೊತ್ತಿರಲಿಲ್ಲ. ನಾನು ಭಾನುವಾರವೇ ಹೋಗಬೇಕಿತ್ತು. ಫೋಟೊ ಇನ್ನೂ ನನ್ನ ಫೋನಿನಲ್ಲಿದೆ. ಅಕ್ಷರಗಳ ಸಾಲಿನ ಮೇಲೆ ಮಣ್ಣು ಮುಚ್ಚಿರುವುದರಿಂದ ಸತ್ತವನ ಹೆಸರು ಕಾಣುವುದಿಲ್ಲ.

ನಾನು ನಾಲ್ಕು ವರ್ಷ ಸಿವಿಲ್ ಎಂಜಿನಿಯರಿಂಗ್ ಓದಿದವನು. ಮಣ್ಣು ಎಷ್ಟು ಭಾರ ತಡೆಯುತ್ತೆ ಅಂತ ಲೆಕ್ಕ ಹಾಕೋದು ಕಲಿಸಿದರು. ಅಗೆಯುವಾಗ ಇಂಥದ್ದು ಸಿಕ್ಕರೆ ಏನು ಮಾಡಬೇಕು ಅನ್ನೋದಕ್ಕೆ ಒಂದೇ ಒಂದು ಕ್ಲಾಸೂ ಇರಲಿಲ್ಲ. ಹಾಗಾಗಿ ಆ ಕ್ಲಾಸನ್ನು ಇಲ್ಲಿ ತೆಗೆದುಕೊಳ್ತಿದ್ದೀನಿ.

ಕೆಳಗಿನಿಂದ ಮೇಲಕ್ಕೆ ಓದಿ

ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲೇ ವೀರಗಲ್ಲು. ಕರ್ನಾಟಕದಲ್ಲಿ ಇವು ಸಾವಿರಾರು ಇವೆ. ಸಾಮಾನ್ಯವಾಗಿ ಮೂರು ಅಂತಸ್ತು, ಓದಬೇಕಾದ್ದು ಕೆಳಗಿನಿಂದ. ಕೆಳಗಿನದರಲ್ಲಿ ಕಾದಾಟ: ಬಿಲ್ಲು, ಕತ್ತಿ, ಕೆಲವೊಮ್ಮೆ ಕುದುರೆ, ಕೆಲವೊಮ್ಮೆ ವೀರನ ಹಿಂದೆ ಸಾಲಾಗಿ ನಿಂತ ದನಗಳು. ನಡುವೆ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಮೇಲೆ ಆತ ಲಿಂಗದ ಮುಂದೆಯೋ ಜಿನಮೂರ್ತಿಯ ಮುಂದೆಯೋ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವವರೆಗೆ ಈ ನೆನಪು ಇರಲಿ ಅಂತ ಅರ್ಥ.

ಎಲ್ಲ ಕಲ್ಲಿನಲ್ಲೂ ಬರಹ ಇರೋದಿಲ್ಲ. ಇದ್ದಲ್ಲಿ ಸಾವಿನ ಕಾರಣ ಗೊತ್ತಾಗುತ್ತೆ. ‘ತುರುಗೋಳ್’ ಅಂದರೆ ದನ ಹೊಡೆದುಕೊಂಡು ಹೋಗುವುದು. ‘ಊರಳಿವು’ ಅಂದರೆ ಊರಿನ ನಾಶ. ‘ಪೆಣ್ಬುಯ್ಯಲ್’ ಅಂದರೆ ಆಪತ್ತಿಗೆ ಸಿಕ್ಕ ಹೆಂಗಸರ ಕೂಗು. ಇವನ್ನು ಎದುರಿಸಿ ಸತ್ತವನ ಮನೆಯವರಿಗೆ ‘ನೆತ್ತರುಗೊಡಗೆ’ ಎಂದು ಭೂಮಿ ಬಿಟ್ಟುಕೊಟ್ಟ ಉಲ್ಲೇಖಗಳಿವೆ. ಇವತ್ತಿನ ಮಾತಲ್ಲಿ ಹೇಳೋದಾದರೆ ಪರಿಹಾರ.

ದನಕ್ಕಾಗಿ ಯಾಕೆ ಸಾಯಬೇಕು?

ಪಠ್ಯಪುಸ್ತಕದಲ್ಲಿ ಯುದ್ಧ ಅಂದರೆ ಸಾಮ್ರಾಜ್ಯ, ಕೋಟೆ, ಸಿಂಹಾಸನ. ಆದರೆ ಎಷ್ಟೋ ವೀರಗಲ್ಲುಗಳ ಜಗಳ ದನದ್ದು. ಆ ಕಾಲದ ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಉಳೋಕೆ ಎತ್ತು, ಹೊಲಕ್ಕೆ ಗೊಬ್ಬರ, ಮನೆಗೆ ಹಾಲು, ಹೊರೆ ಸಾಗಿಸೋಕೆ ಗಾಡಿ. ಎಲ್ಲವೂ ನಿಂತಿದ್ದು ಕೊಟ್ಟಿಗೆಯ ಮೇಲೆ. ಒಂದು ರಾತ್ರಿ ದನಗಳು ಹೋದರೆ ಮುಂದಿನ ಮಳೆಗೆ ಉಳುಮೆ ಇಲ್ಲ, ಆಮೇಲೆ ಊಟವಿಲ್ಲ. ಶತ್ರುವನ್ನು ಬಗ್ಗಿಸಲು ಕೋಟೆಯನ್ನೇ ಮುರಿಯಬೇಕಿಲ್ಲ, ದನ ಹೊಡೆದರೆ ಸಾಕು. ಆ ಕಲ್ಲಿನ ಮೇಲಿರುವ ಮನುಷ್ಯ ತಡೆಯಲು ಹೋದದ್ದು ಇದನ್ನೇ.

2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಿತ್ತಯ್ಯ ಎಂಬಾತ ನಾಡಿನ ಮೇಲೆ ಬಿದ್ದವರ ಜೊತೆ ಹೋರಾಡಿ ಸತ್ತದ್ದನ್ನು ಅದು ಹೇಳುತ್ತದೆ. ನಗರದ ಅತಿ ಹಳೆಯ ಕನ್ನಡ ಶಾಸನ ಎಂದು ಅದನ್ನು ಗುರುತಿಸಿದ್ದಾರೆ. ಅದೂ ಮಣ್ಣಿನ ಲೋಡ್ ಜೊತೆ ಹೋಗಬಹುದಿತ್ತು. ಸುತ್ತಲಿನ ಜನ ಮತ್ತು ಶಾಸನಾಸಕ್ತರು ಬಿಡಲಿಲ್ಲ.

ಬೇಗೂರಿನದು ಇನ್ನೊಂದು ಕತೆ. ಅಲ್ಲಿನ ನಾಗನಾಥೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಕಲ್ಲು ‘ಬೆಂಗುಳೂರ’ ಕಾಳೆಗದಲ್ಲಿ ಬುಟ್ಟಣ ಸೆಟ್ಟಿ ಸತ್ತ ಎನ್ನುತ್ತದೆ. ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂಗಳೂರು ಅನ್ನೋ ಹೆಸರು ಬಂತು ಅಂತ ಎಲ್ಲರೂ ಕೇಳಿದ್ದೇವೆ. ಹೊಯ್ಸಳರು ರಾಜ್ಯ ಕಟ್ಟುವ ಮುಂಚೆಯೇ ಈ ಹೆಸರು ಇತ್ತು ಅನ್ನೋದಕ್ಕೆ ಈ ಒಂದು ಕಲ್ಲು ಸಾಕು. ಊರಿನ ಹೆಸರಿನ ಸಾಕ್ಷಿ ನಮಗೆ ಸಿಕ್ಕಿದ್ದು ಅರಮನೆಯಲ್ಲಲ್ಲ, ಬುಟ್ಟಣ ಸೆಟ್ಟಿಯ ಸಾವಿನ ಸುದ್ದಿಯಲ್ಲಿ.

ಕಾಳಿ ಎಂಬ ನಾಯಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋದರೆ ಆತಕೂರಿನ ಕಲ್ಲನ್ನು ಹುಡುಕಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನದು, ಕ್ರಿ.ಶ. 949-50ರದ್ದು. ಇಂದಿನ ತಮಿಳುನಾಡಿನ ತಕ್ಕೋಲಂನಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಸೋಲಿಸಿದ ದೊಡ್ಡ ಸುದ್ದಿ ಅದರಲ್ಲಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗ್ತಾರೆ.

ಆದರೆ ಆ ಕಲ್ಲಿನ ಮೇಲೆ ಕೆತ್ತಿರೋದು ಕೃಷ್ಣನನ್ನೂ ಅಲ್ಲ, ಬೂತುಗನನ್ನೂ ಅಲ್ಲ. ಒಂದು ನಾಯಿ, ಒಂದು ಹಂದಿ. ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೆರನಿಗೆ ಬೂತುಗ ‘ಏನು ಬೇಕು ಕೇಳು’ ಅಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಕಾಡುಹಂದಿಯೊಂದರ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಅಂತಲೂ ಬರೆಸಿದರು. ಸಾವಿರ ವರ್ಷದ ಹಿಂದೆ ನಾಯಿ ಸಾಕಿದವನ ಸಂಕಟವನ್ನು ನಮಗೆ ತಿಳಿಸುವ ಬೇರೆ ಯಾವ ದಾಖಲೆ ಇದೆ ಹೇಳಿ?

ಕಲ್ಲು ಹೇಳದೇ ಇರೋದು

ಇಷ್ಟು ಕೇಳಿ ರೋಮಾಂಚನ ಆಗೋದು ಸಹಜ. ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಕಲ್ಲು ಕೆತ್ತಿಸಲು ಖರ್ಚಿದೆ, ಅಧಿಕಾರ ಬೇಕು. ಕಲ್ಲು ಸಿಕ್ಕಿದ್ದು ಯಾರೋ ನೆನಪಿಡಲು ತೀರ್ಮಾನಿಸಿದವರಿಗೆ. ಅದೇ ದನ ಕಾಯುತ್ತಿದ್ದ ಹುಡುಗ ಮೊದಲೇ ಸತ್ತಿದ್ದರೆ? ಕೂಗಿದ ಹೆಂಗಸರ ಹೆಸರೇನು? ಕೆತ್ತಿದವನ ಕೂಲಿ ಎಷ್ಟು? ಬಹುತೇಕ ಕಲ್ಲುಗಳು ಇದನ್ನೆಲ್ಲ ಹೇಳಲ್ಲ.

ಮಾಸ್ತಿಕಲ್ಲುಗಳ ಮುಂದೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬಳೆ ತೊಟ್ಟ, ಮೇಲೆತ್ತಿದ ಕೈ ಗಂಡನ ಚಿತೆ ಏರಿದ ಹೆಣ್ಣಿನ ಗುರುತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆಯ ಕತೆಯಿದೆ. ಹೆತ್ತವರು, ಬಂಧುಗಳು ಬೇಡ ಅಂತ ಬೇಡಿಕೊಂಡರೂ ಆಕೆ ಬೆಂಕಿಗೆ ನಡೆದಳು ಅಂತ ಅದು ಹೊಗಳುತ್ತದೆ. ನನಗೆ ಆ ಹೊಗಳಿಕೆಗಿಂತ ಬೇಡ ಅಂದ ಅಪ್ಪ ಅಮ್ಮನ ದನಿ ಮುಖ್ಯ ಅನಿಸುತ್ತೆ. ಆ ಕಾಲದಲ್ಲೂ ಮಗಳು ಬದುಕಲಿ ಅಂದವರಿದ್ದರು. ಹಳೆಯದನ್ನು ಉಳಿಸಬೇಕು ಅಂದರೆ ಅದನ್ನೆಲ್ಲ ಮೆಚ್ಚಬೇಕು ಅಂತಲ್ಲ. ಪ್ರಶ್ನೆ ಕೇಳೋಕಾದರೂ ಕಲ್ಲು ಎದುರಿಗೆ ಇರಬೇಕು.

ಯಾಕೆ ಉಳಿಯುತ್ತಿಲ್ಲ?

1958ರ ಕೇಂದ್ರ ಕಾಯ್ದೆ ಮತ್ತು 1961ರ ಕರ್ನಾಟಕ ಕಾಯ್ದೆ ಮುಖ್ಯವಾಗಿ ರಕ್ಷಿಸುವುದು ಸಂರಕ್ಷಿತ ಎಂದು ಘೋಷಿಸಿದ ಸ್ಮಾರಕಗಳನ್ನು. ಹೊಲದ ಬದು, ಕೆರೆ ಏರಿ, ಹಿತ್ತಲಲ್ಲಿ ನಿಂತಿರುವ ಬಹುಪಾಲು ವೀರಗಲ್ಲುಗಳು ಆ ಪಟ್ಟಿಯಲ್ಲಿಲ್ಲ. ಜೊತೆಗೆ, ಕಲ್ಲು ಒಮ್ಮೆ ಜಾಗ ಬಿಟ್ಟರೆ ಅರ್ಧ ಕತೆ ಹೋಯಿತು. ಊರ ಗಡಿಯಲ್ಲಿತ್ತೋ, ಕೆರೆ ಪಕ್ಕವೋ, ಯಾವ ದಿಕ್ಕಿನಿಂದ ದಾಳಿ ಬಂತೋ, ಇದೆಲ್ಲ ತಿಳಿಯೋದು ನಿಂತ ಜಾಗದಿಂದ.

ಬಿ.ಎಲ್. ರೈಸ್ ನೇತೃತ್ವದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ನೂರು ವರ್ಷಕ್ಕೂ ಹಿಂದೆ ಸಾವಿರಾರು ಶಾಸನಗಳನ್ನು ಊರಿನ ಹೆಸರಿನ ಸಮೇತ ದಾಖಲಿಸಿದವು. ಇವತ್ತು ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. ಸವೆದ ಅಕ್ಷರವೂ ಸ್ಕ್ಯಾನ್‌ನಲ್ಲಿ ಎದ್ದು ಕಾಣುತ್ತೆ. ಆದರೆ ಸ್ಕ್ಯಾನ್ ಮಾಡೋಕೆ ಕಲ್ಲು ಎಲ್ಲಿದೆ ಅಂತ ಯಾರಾದರೂ ಹೇಳಬೇಕಲ್ಲ?

ಅದು ನೀವೇ ಆಗಬಹುದು. ಊರಿಗೆ ಹೋದಾಗ ಅಂಥ ಕಲ್ಲು ಕಂಡರೆ ಬಣ್ಣ, ಸುಣ್ಣ, ಎಣ್ಣೆ ಹಚ್ಚಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ, ಅಕ್ಷರದ ನೆರಳು ಬೀಳುತ್ತೆ. ಲೊಕೇಶನ್ ಗುರುತು ಮಾಡಿ. ಊರಿನ ಹಿರಿಯರು ಅದನ್ನು ಏನಂತ ಕರೀತಾರೆ ಕೇಳಿ ಬರೆದುಕೊಳ್ಳಿ. ಗ್ರಾಮ ಪಂಚಾಯ್ತಿಗೂ ಪುರಾತತ್ವ ಇಲಾಖೆಗೂ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ನಮ್ಮ ಪರಂಪರೆಯನ್ನು ಕಾಪಾಡೋದು ಸಂವಿಧಾನದ 51ಎ ವಿಧಿ ಹೇಳುವ ಮೂಲಭೂತ ಕರ್ತವ್ಯಗಳಲ್ಲೊಂದು ಅನ್ನೋದನ್ನೂ ಪತ್ರದಲ್ಲಿ ಸೇರಿಸಿ.

ಇತಿಹಾಸದ ಹೆಸರಲ್ಲಿ ದಿನಾ ಜಗಳ ಆಗ್ತಿರೋ ಕಾಲ ಇದು. ಯಾವ ರಾಜ ಒಳ್ಳೆಯವನು, ಯಾರ ಪ್ರತಿಮೆ ಎಲ್ಲಿ ನಿಲ್ಲಬೇಕು ಅಂತ ಟ್ರೆಂಡ್ ಮಾಡ್ತೀವಿ. ಅದೇ ಹೊತ್ತಲ್ಲಿ ದನ ಕಾಯ್ದು ಸತ್ತವನ ಕಲ್ಲು ಪಾಯಕ್ಕೆ ಹೋಗ್ತಿರುತ್ತೆ. ಅಂಥ ಫೋಟೊ ನಿಮಗೂ ಬಂದರೆ, ಸೋಮವಾರದವರೆಗೆ ಕಾಯಬೇಡಿ.