ಕರೇಜ್ ಕತ್ತಲಲ್ಲಿ ಕನ್ನಡಿಯ ನಡುಕ

ನೌಬಾದದ ಕರೇಜ್ ಎಂಬ ಸುರಂಗಬಾವಿಯೊಳಗೆ ಬಿಸಿಲು ಇಳಿಯುವುದು ತುಂಡುತುಂಡಾಗಿ. ಗಾಳಿಬಾವಿಯ ನೇರ ಕೆಳಗೆ ಕಣ್ಣು ಕುಕ್ಕುವ ಬೆಳಕು, ನಾಲ್ಕು ಹೆಜ್ಜೆ ಆಚೆ ಗೋಡೆಯೇ ಕಾಣದ ಕತ್ತಲು. ಮೊಬೈಲ್ ಬಿಟ್ಟು ಹೊಸದಾಗಿ ಡಿಎಸ್‌ಎಲ್‌ಆರ್ ಹಿಡಿದವರ ಪರೀಕ್ಷೆಗೆ ಬೀದರ್ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಸಿಕ್ಕಿಲ್ಲ. ಈಚೆಗೆ ಭಾಲ್ಕಿಯ ಯುವಕನೊಬ್ಬನ ಜೊತೆ ಅಲ್ಲಿ ಕಳೆದ ಬೆಳಗಿನ ಗುಂಗು ಇನ್ನೂ ಇಳಿದಿಲ್ಲ.

ಮದುವೆ ಫೋಟೊದವರು ಮಿರರ್‌ಲೆಸ್ ಕಡೆ ಹೊರಟ ಮೇಲೆ ಹಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗವಾಗಿವೆ. ಅವನೂ ಹಾಗೆ ಕೊಂಡವನು. 'ಮೊಬೈಲ್‌ದಾಗ ಶಾರ್ಪ್ ಬರ್ತದ್ರಿ, ಇದ್ರಾಗ ಯಾಕ ಬರಂಗಿಲ್ಲ?' ಎಂಬುದು ಅವನ ದೂರು. ದೂರಿನಲ್ಲಿ ಅರ್ಧ ನಿಜವಿದೆ. ಮೊಬೈಲಿನ ಪುಟ್ಟ ಸೆನ್ಸರ್‌ಗೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಫೋಕಸ್ ಆಗುತ್ತದೆ. ಅದು ಹಲವು ಫ್ರೇಮ್ ಬೆರೆಸಿ, ಅಂಚುಗಳನ್ನು ತಾನೇ ತೀಡಿ ಕೊಡುತ್ತದೆ. ಡಿಎಸ್‌ಎಲ್‌ಆರ್‌ನ ದೊಡ್ಡ ಸೆನ್ಸರ್‌ನಲ್ಲಿ ಫೋಕಸ್ ಪದರ ತೆಳು. ಹಳೆಯ ಮಾದರಿಗಳಲ್ಲಿ ಸೆನ್ಸರ್ ಮುಂದಿನ ಫಿಲ್ಟರ್ ವಿವರಗಳನ್ನು ಕೊಂಚ ಮೆದುಗೊಳಿಸುತ್ತದೆ. ರಾ ಫೈಲ್ ತೆಗೆದರೆ ತೀಡುವ ಕೆಲಸ ನಮ್ಮದೇ. ಅಷ್ಟು ಮೆದುತನವನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಕರೇಜ್ ಚರಿತ್ರೆ ಇಲ್ಲಿನವರಿಗೆ ಗೊತ್ತಿರುವುದೇ: 15ನೇ ಶತಮಾನ, ಬಹಮನಿ ಸುಲ್ತಾನರು, ಪರ್ಷಿಯಾದ ಕನಾತ್ ವಿದ್ಯೆ, ಸುಮಾರು 3 ಕಿ.ಮೀ. ಸುರಂಗ, 21 ಗಾಳಿಬಾವಿ. ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಅವರ ಅಧ್ಯಯನ, ಜಿಲ್ಲಾಡಳಿತ ಹೂಳೆತ್ತಿಸಿದ್ದು ಎಲ್ಲವೂ ಪತ್ರಿಕೆಗಳಲ್ಲಿ ಬಂದಿವೆ. ನನ್ನ ಕಣ್ಣು ಮಾತ್ರ ಗೋಡೆಯ ಮೇಲಿತ್ತು. ಕೆಂಪು ಜಂಬಿಟ್ಟಿಗೆ, ಮೈತುಂಬ ತೂತು. ಒಂದೊಂದು ತೂತಿನ ಅಂಚೂ ಚಿತ್ರ ಎಷ್ಟು ಶಾರ್ಪ್ ಎಂದು ಹೇಳಿಬಿಡುತ್ತದೆ.

70-300 ಲೆನ್ಸನ್ನು 200ಕ್ಕೆ ಎಳೆದು, ಟ್ರೈಪಾಡ್ ಮೇಲಿಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ ದೂರದ ಗೋಡೆ ತೆಗೆದೆವು. ಟ್ರೈಪಾಡ್ ಮೇಲಿದ್ದುದರಿಂದ ಸ್ಟೆಬಿಲೈಸರ್ ಆಫ್. ಕತ್ತಲಲ್ಲಿ ಆಟೊಫೋಕಸ್ ತಡಕಾಡುವುದರಿಂದ ಗೋಡೆಗೆ ಟಾರ್ಚ್ ಬಿಟ್ಟು, ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡಿ, ಕೈಯಾರೆ ಫೋಕಸ್ ಮಾಡಿದ್ದೆವು. ಬಳಿಕ ವ್ಯೂಫೈಂಡರ್‌ಗೆ ಮರಳಿ ಕ್ಲಿಕ್. ಶಟರ್ 1/10ರಲ್ಲಿ ತೂತುಗಳು ಮೇಲಿಂದ ಕೆಳಕ್ಕೆ ಗೀರಾಗಿದ್ದವು. ಐಎಸ್‌ಒ ಇಳಿಸಿ 4 ಸೆಕೆಂಡ್ ಕೊಟ್ಟೆವು. ಒಂದೊಂದು ತೂತೂ ಕೊರೆದಂತೆ ಬಂತು. ನಲವತ್ತು ಪಟ್ಟು ಹೆಚ್ಚು ಹೊತ್ತು ತೆರೆದಿದ್ದ ಶಟರ್ ಹೆಚ್ಚು ಶಾರ್ಪ್! ಹುಡುಗ ನಂಬಲಿಲ್ಲ, ಮತ್ತೆ ತೆಗೆಸಿದ. ಅದೇ ಫಲ.

ಇದು ಕ್ಯಾಮೆರಾದೊಳಗಿನ ಕನ್ನಡಿಯ ಕೆಲಸ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರಿ ಬಡಿಯುತ್ತದೆ, ಆ ಬಡಿತಕ್ಕೆ ಬಾಡಿ ಕ್ಷಣಕಾಲ ನಡುಗುತ್ತದೆ. 4 ಸೆಕೆಂಡಿನಲ್ಲಿ ಆ ನಡುಕದ ಪಾಲು ಅತ್ಯಲ್ಪ. 1/1000ರಲ್ಲಿ ನಡುಕ ಕಾಣುವಷ್ಟು ಸರಿಯುವ ಮೊದಲೇ ಶಟರ್ ಮುಚ್ಚಿರುತ್ತದೆ. ಕೇಡಿರುವುದು ನಡುವೆ, ಹೆಚ್ಚುಕಡಿಮೆ 1/4ರಿಂದ 1/60ರವರೆಗೆ. ಕ್ಯಾನನ್‌ನ ಹಲವು ಮಾದರಿಗಳ ಮೆನುವಿನಲ್ಲಿ ಮಿರರ್ ಲಾಕಪ್ ಇದೆ, ನಿಕಾನ್‌ನ ಕೆಲವದರಲ್ಲಿ ಎಕ್ಸ್‌ಪೋಶರ್ ಡಿಲೇ. ಎರಡೂ ಇಲ್ಲದ ಬಾಡಿಯಾದರೆ, ನಾವು ಮಾಡಿದಂತೆ, ಶಟರನ್ನು ಎರಡು ಸೆಕೆಂಡಿನಾಚೆ ತಳ್ಳುವುದು. ಲೈವ್ ವ್ಯೂನಲ್ಲೇ ತೆಗೆದರೂ ಹಲವು ಬಾಡಿಗಳಲ್ಲಿ ಈ ಕಾಟ ತಪ್ಪುತ್ತದೆ. ಕೆಲವು ಹಳೆಯವು ಮಾತ್ರ ಆಗಲೂ ಕನ್ನಡಿಯನ್ನು ಇಳಿಸಿ ಏರಿಸುತ್ತವೆ. ಇಷ್ಟೆಲ್ಲ ತಿಳಿಯದೆ ಲೆನ್ಸ್ ಮಾರಿದವರು ಎಷ್ಟು ಮಂದಿಯೋ.

ಕೈಯಲ್ಲಿ ಹಿಡಿದು ತೆಗೆಯುವವರಿಗೆ ಲೆಕ್ಕ ಸುಲಭ. ಎಪಿಎಸ್-ಸಿ ಸೆನ್ಸರ್‌ನಲ್ಲಿ ಲೆನ್ಸಿನ ಮಿಲಿಮೀಟರನ್ನು ಒಂದೂವರೆ ಪಟ್ಟು ಮಾಡಿ: 200ಕ್ಕೆ ಕನಿಷ್ಠ 1/300. ಓಡುವ ಕೃಷ್ಣಮೃಗಕ್ಕೆ 1/1000 ಬೇಕು. ಎಫ್/8ರ ಆಸುಪಾಸು ಕ್ಷೇಮ. ಎಫ್/22ಕ್ಕೆ ಹೋದರೆ ಬೆಳಕು ಕಿರಿದಾದ ರಂಧ್ರದಲ್ಲಿ ಚದರಿ ಚಿತ್ರ ಮಂದವಾಗುತ್ತದೆ.

ಹುಡುಗ ಸಾಲ ಮಾಡಿ ದುಬಾರಿ ಲೆನ್ಸ್ ಕೊಳ್ಳುವ ಯೋಚನೆಯಲ್ಲಿದ್ದ. ಬೇಡವೆಂದೆ. ಮೊದಲು ಹಗಲು ಬೆಳಕಿನಲ್ಲಿ, ಟ್ರೈಪಾಡ್ ಮೇಲಿಟ್ಟು, ಒಂದೇ ಗೋಡೆಯನ್ನು ಒಮ್ಮೆ ವ್ಯೂಫೈಂಡರ್‌ನ ಆಟೊಫೋಕಸ್‌ನಲ್ಲಿ, ಒಮ್ಮೆ ಲೈವ್ ವ್ಯೂನಲ್ಲಿ ತೆಗೆದು ಹೋಲಿಸಲಿ. ಎರಡನೆಯದು ಮಾತ್ರ ಶಾರ್ಪ್ ಬಂದರೆ ಫೋಕಸ್ ಸೆನ್ಸರಿನ ಹೊಂದಾಣಿಕೆ ತಪ್ಪಿದೆ. ಬಾಡಿಯಲ್ಲಿ ಫೈನ್‌ಟ್ಯೂನ್ ಇದ್ದರೆ ತಾನೇ ಸರಿಪಡಿಸಿಕೊಳ್ಳಬಹುದು, ಇಲ್ಲದಿದ್ದರೆ ರಿಪೇರಿಯವರು ಸರಿ ಮಾಡಿಕೊಡುತ್ತಾರೆ.